ಕಾಣೆಯಾದವರ ಒಂಟಿ ಮನೆ, ಮತ್ತು ಪರದೆಯ ಮೇಲೆ ಅದನ್ನು ನೋಡುತ್ತಾ ಕೂತ ನಾವು

ಪ್ರಶ್ನೆ: ಒಬ್ಬ ಮಹಿಳೆ ಏಳು ತಿಂಗಳಿಂದ ಕಾಣೆಯಾಗಿದ್ದಾರೆ. ಹೊಲಗಳ ನಡುವಿನ ಒಂಟಿ ಮನೆಯಲ್ಲಿ ಅವರೊಬ್ಬರೇ ಇದ್ದರು. ನಾವು ಕೆಲವರು ಆನ್‌ಲೈನ್‌ನಲ್ಲಿ ಸೇರಿ ಅವರ ಬಗ್ಗೆ ಚರ್ಚೆ ಮಾಡುತ್ತೇವೆ. ಆ ಮನೆ ಹಿಂದೆ ಮಾರಾಟಕ್ಕಿದ್ದಾಗಿನ ಫೋಟೊಗಳು, ಉಪಗ್ರಹ ಚಿತ್ರಗಳು ಎಲ್ಲವನ್ನೂ ಹುಡುಕಿ ತೆಗೆದಿದ್ದೇವೆ. ಕೊಟ್ಟಿಗೆಯ ಹಿಂದೆ ಮಣ್ಣು ಅಗೆದ ಹಾಗೆ ಒಂದು ಕಪ್ಪು ಗುರುತಿದೆ. ಮುಚ್ಚಿದ ಬಾವಿಯೂ ಇದೆ. ಪಕ್ಕದ ಜಮೀನಿನವರ ಮೇಲೆ ಹಲವರಿಗೆ ಅನುಮಾನ. ಇಬ್ಬರು ತಾವೇ ಹೋಗಿ ನೋಡಿ ಬರುತ್ತೇವೆ ಅನ್ನುತ್ತಿದ್ದಾರೆ. ನಾವು ಮಾಡುತ್ತಿರುವುದರಿಂದ ಆಕೆಗೆ ಏನಾದರೂ ಉಪಯೋಗ ಇದೆಯೇ?

ಉತ್ತರ: ಆ ಇಬ್ಬರಿಗೆ ಹೋಗಬೇಡಿ ಅಂತ ಇವತ್ತೇ ಹೇಳಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ಮುಚ್ಚಿದ ಬಾವಿಯ ಹಲಗೆ ಎಷ್ಟು ಕೊಳೆತಿದೆ ಅಂತ ಫೋಟೊ ನೋಡಿ ಗೊತ್ತಾಗುವುದಿಲ್ಲ. ಹಳೆಯ ಬಾವಿಯ ತಳದಲ್ಲಿ ಆಮ್ಲಜನಕ ತುಂಬಾ ಕಡಿಮೆ ಇರಬಹುದು. ಒಬ್ಬರು ಇಳಿದು ಪ್ರಜ್ಞೆ ತಪ್ಪಿದರೆ, ಅವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ಸೆಪ್ಟಿಕ್ ಟ್ಯಾಂಕ್‌ನಲ್ಲೂ ಇದೇ ಅಪಾಯ. ಇನ್ನು, ಅಲ್ಲಿ ನಿಜಕ್ಕೂ ಏನಾದರೂ ನಡೆದಿದ್ದರೆ ನಿಮ್ಮವರ ಹೆಜ್ಜೆ ಗುರುತು, ಬೆರಳಚ್ಚು, ಉದುರಿದ ಕೂದಲು ಎಲ್ಲವೂ ಅದೇ ಜಾಗದಲ್ಲಿ ಸೇರಿಕೊಳ್ಳುತ್ತವೆ. ಮುಂದೆ ವಿಚಾರಣೆ ನಡೆದಾಗ ಆರೋಪಿಯ ವಕೀಲರು ಇದನ್ನು ಸುಮ್ನೆ ಬಿಡುವುದಿಲ್ಲ. ಈ ವಸ್ತು ಇಲ್ಲೇ ಇತ್ತೋ, ಯಾರೋ ಬಂದವರು ಬೀಳಿಸಿ ಹೋದರೋ ಅಂತ ಕೇಳುತ್ತಾರೆ. ಅದಕ್ಕೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ಹಾಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಪ್ರಕರಣ ಕಣ್ಣ ಮುಂದೆಯೇ ಇದೆ. 2023ರ ಜನವರಿ 27ರಂದು ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಒಂದು ಹಳ್ಳಿಯಲ್ಲಿ, ನಾಯಿಯ ಜೊತೆ ನದಿ ದಂಡೆಯಲ್ಲಿ ನಡೆಯಲು ಹೋದ ತಾಯಿಯೊಬ್ಬರು ಕಾಣೆಯಾದರು. ಅವರ ಫೋನ್ ಬೆಂಚಿನ ಮೇಲೆ ಸಿಕ್ಕಿತು. ಆಫೀಸಿನ ಕರೆ ಇನ್ನೂ ಚಾಲೂ ಇತ್ತು. ನದಿಗೆ ಬಿದ್ದಿರಬೇಕು ಅಂತ ಪೊಲೀಸರು ಮೊದಲಿಂದಲೂ ಹೇಳಿದರು. ಆದರೆ ಆನ್‌ಲೈನ್‌ನಲ್ಲಿ ಜನರ ಕಣ್ಣು ನದಿಯ ಆಚೆ ದಡದ ಒಂದು ಪಾಳು ಮನೆಯ ಮೇಲೆ ಬಿತ್ತು. ದೂರ ದೂರದಿಂದ ಜನ ಕ್ಯಾಮೆರಾ ಹಿಡಿದು ಬಂದರು. ರಾತ್ರಿ ಹೊತ್ತು ಆ ಮನೆಗೆ ನುಗ್ಗಿದರು. ಕಾಡಿನಲ್ಲಿ ನೆಲ ಅಗೆದರು. ಕೊನೆಗೆ ಹೊರಗಿನವರನ್ನು ಹಳ್ಳಿಯಿಂದ ಕಳಿಸಲು ಪೊಲೀಸರು ಆದೇಶ ಹೊರಡಿಸಬೇಕಾಯಿತು. ಆ ಪಾಳು ಮನೆಯನ್ನು ಪೊಲೀಸರು ಮಾಲೀಕರ ಒಪ್ಪಿಗೆ ಪಡೆದು ಅಷ್ಟರಲ್ಲಾಗಲೇ ಹುಡುಕಿ ಮುಗಿಸಿದ್ದರು. ಫೆಬ್ರವರಿ 19ರಂದು ಅವರ ದೇಹ ಅದೇ ನದಿಯಲ್ಲಿ, ಸುಮಾರು ಒಂದು ಮೈಲಿ ಕೆಳಗೆ ಸಿಕ್ಕಿತು. ಅದು ಆಕಸ್ಮಿಕವಾಗಿ ಮುಳುಗಿ ಆದ ಸಾವು ಅಂತ ಆ ವರ್ಷದ ಜೂನ್‌ನಲ್ಲಿ ವಿಚಾರಣೆಯಲ್ಲಿ ತೀರ್ಮಾನವಾಯಿತು.

ತಪ್ಪು ಜನರದ್ದು ಮಾತ್ರ ಅಂತ ನಾನು ಹೇಳುವುದಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಪರಿಶೀಲನಾ ವರದಿ ಪೊಲೀಸರನ್ನೂ ಟೀಕಿಸಿತು. ಅವರು ಮಾಹಿತಿಯನ್ನು ಸರಿಯಾಗಿ ಕೊಡಲಿಲ್ಲ, ಆ ಖಾಲಿ ಜಾಗವನ್ನು ಊಹೆಗಳು ತುಂಬಿದವು ಅಂದಿತು. ಆಕೆಯ ಆರೋಗ್ಯದ ಖಾಸಗಿ ವಿಷಯವನ್ನು ಪೊಲೀಸರು ಬಹಿರಂಗ ಮಾಡಿದ್ದು ಬೇಕಿರಲಿಲ್ಲ ಅಂತಲೂ ಹೇಳಿತು. ನಿಮ್ಮ ಪ್ರಕರಣದಲ್ಲೂ ಏಳು ತಿಂಗಳಿಂದ ಯಾರೂ ಏನೂ ಹೇಳುತ್ತಿಲ್ಲ ಅಂತ ನಿಮಗೆ ಸಂಕಟ ಆಗಿರಬಹುದು. ಆ ಸಂಕಟ ಸಹಜ. ಹುಡುಕಾಟದ ಕೆಲಸದಲ್ಲಿ ವರ್ಷಗಟ್ಟಲೆ ಇದ್ದ ನನಗೂ ಅದು ಗೊತ್ತು.

ಆದರೆ ಎಲ್ಲರೂ ಮನೆಯ ಮೇಲೇ ಯಾಕೆ ಬೀಳುತ್ತೇವೆ ಅಂತ ಒಮ್ಮೆ ಯೋಚಿಸಿ. ಹೊರಗಿನವರಿಗೆ ಕಾಣುವುದು ಅದೊಂದೇ. ಆಕೆಯ ಫೋನ್ ದಾಖಲೆ ನಿಮಗೆ ಸಿಗುವುದಿಲ್ಲ. ಬ್ಯಾಂಕ್ ಖಾತೆ, ವೈದ್ಯರ ಚೀಟಿ, ಗೆಳತಿಯ ಹತ್ತಿರ ಆಡಿದ ಮಾತು, ಯಾವುದೂ ಸಿಗುವುದಿಲ್ಲ. ಮನೆ ಮಾತ್ರ ಯಾವಾಗಲೂ ಪರದೆಯ ಮೇಲೆ ಇರುತ್ತದೆ. ಹಾಗಾಗಿ ಕಥೆಯನ್ನೆಲ್ಲ ಅದೇ ಹೊರಬೇಕಾಗುತ್ತದೆ. ಅದೂ ಹಳ್ಳಿಯ ಒಂಟಿ ಮನೆ ಅಂದರೆ ಪಟ್ಟಣದಲ್ಲಿ ಬೆಳೆದ ಕಣ್ಣಿಗೆ ಎಲ್ಲವೂ ವಿಚಿತ್ರ. ಮುಚ್ಚಿದ ಬಾವಿ, ಬೀಗ ಹಾಕಿದ ಕೊಟ್ಟಿಗೆ, ಸುಟ್ಟ ನೆಲ, ಮೂಲೆಯಲ್ಲಿ ಡ್ರಮ್ಮು, ಅರ್ಧ ರಾತ್ರಿ ಓಡಾಡುವ ಟ್ರ್ಯಾಕ್ಟರ್. ಅಲ್ಲೇ ಇರುವವರಿಗೆ ಇದು ದಿನದ ಬದುಕು. ಬಾವಿ ಮುಚ್ಚುವುದು ಮಕ್ಕಳು, ದನಕರು ಬೀಳದಿರಲಿ ಅಂತ. ಟ್ರ್ಯಾಕ್ಟರ್ ರಾತ್ರಿ ಓಡುವುದು ಬೆಳಿಗ್ಗೆ ಮಳೆ ಬರುವ ಸೂಚನೆ ಇದ್ದಾಗ.

ಒಬ್ಬರು ಅಕ್ಕ ನನಗೆ ಹೇಳಿದ್ದನ್ನು ನಾನು ಮರೆತಿಲ್ಲ. ಕಾಣೆಯಾದ ತಂಗಿಯ ಮನೆಯ ಹಿಂದೆ ಒಂದು ಮಣ್ಣಿನ ದಿಬ್ಬ ಇತ್ತು. ಜನ ಅದರ ಸುತ್ತ ಕೆಂಪು ಗೆರೆ ಎಳೆದು ಹಂಚುತ್ತಿದ್ದರು. ತಂಗಿ ತನ್ನ ನಾಯಿಯನ್ನು ಹೂತ ಜಾಗ ಅದು. ಆ ಅಕ್ಕ ಅದನ್ನು ಗುರುತಿಲ್ಲದ ಒಬ್ಬೊಬ್ಬರಿಗೂ ವಿವರಿಸಬೇಕಾಯಿತು. ನಂಬದವರು ಅಕ್ಕನ ಮೇಲೇ ಅನುಮಾನ ಪಟ್ಟರು.

ಈಗ ನಿಮ್ಮ ಕಪ್ಪು ಗುರುತಿಗೆ ಬರುತ್ತೇನೆ. ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಮೊದಲು ಆ ಚಿತ್ರ ಯಾವ ದಿನದ್ದು ಅಂತ ನೋಡಿ. ನಕ್ಷೆಯ ಆ್ಯಪ್‌ಗಳಲ್ಲಿ ಕಾಣುವುದು ಒಂದೇ ಚಿತ್ರ ಅಲ್ಲ. ಬೇರೆ ಬೇರೆ ದಿನ, ಕೆಲವೊಮ್ಮೆ ಬೇರೆ ಬೇರೆ ವರ್ಷ ತೆಗೆದ ತುಂಡುಗಳನ್ನು ಜೋಡಿಸಿರುತ್ತಾರೆ. ಮನೆ ಒಂದು ತುಂಡಿನಲ್ಲಿ, ಹಿತ್ತಲು ಇನ್ನೊಂದರಲ್ಲಿ ಇರಬಹುದು. ಪರದೆಯ ಕೆಳಗೆ ತೋರಿಸುವ ಕೃತಿಸ್ವಾಮ್ಯದ ವರ್ಷವನ್ನೇ ಚಿತ್ರ ತೆಗೆದ ವರ್ಷ ಅಂತ ತಪ್ಪು ತಿಳಿಯುವವರು ಜಾಸ್ತಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ವರ್ಷವಾರು ನೋಡುವ ಸೌಲಭ್ಯ ಇದೆ. ಅದರಲ್ಲಿ ಹಿಂದಕ್ಕೆ ಹೋಗಿ. ಆಕೆ ಕಾಣೆಯಾಗುವ ಮೊದಲಿನ ಚಿತ್ರದಲ್ಲೂ ಆ ಗುರುತು ಇದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು. ಈ ಒಂದು ಹೆಜ್ಜೆಯನ್ನು ಹಾಕದೆ ತಿಂಗಳುಗಟ್ಟಲೆ ವಾದ ಮಾಡುವ ಗುಂಪುಗಳನ್ನು ನಾನು ನೋಡಿದ್ದೇನೆ.

ಆಮೇಲೆ ಚಿತ್ರ ಎಷ್ಟು ಸ್ಪಷ್ಟ ಅನ್ನುವ ಪ್ರಶ್ನೆ. ದುಡ್ಡು ಕೊಟ್ಟರೆ ಸಿಗುವ ಉಪಗ್ರಹ ಚಿತ್ರಗಳಲ್ಲಿ ಅತಿ ಸ್ಪಷ್ಟವಾದವುಗಳಲ್ಲೂ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 30 ಸೆಂಟಿಮೀಟರ್. ಮಲಗಿದ ಮನುಷ್ಯ ಅಂದರೆ ಐದಾರು ಚುಕ್ಕೆ ಉದ್ದ, ಒಂದೆರಡು ಚುಕ್ಕೆ ಅಗಲ. ಹಳ್ಳಿಗಾಡಿನ ಚಿತ್ರಗಳು ಎಷ್ಟೋ ಸಲ ಅದಕ್ಕಿಂತ ಮಸುಕು. ನೀವು ಅದನ್ನು ದೊಡ್ಡದು ಮಾಡಿದಾಗ ಕಂಪ್ಯೂಟರ್ ಇಲ್ಲದ ಅಂಚುಗಳನ್ನು ತಾನೇ ಹುಟ್ಟಿಸುತ್ತದೆ. ಎಐ ಬಳಸಿ ‘ಸ್ಪಷ್ಟ’ ಮಾಡಿದ ಚಿತ್ರವನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಹೊಸದಾಗಿ ಕಾಣುವುದು ಆ ಹಿತ್ತಲಿನಲ್ಲಿ ಇದ್ದದ್ದಲ್ಲ, ಯಂತ್ರ ಊಹಿಸಿ ಬರೆದದ್ದು. ಇನ್ನು ಕಪ್ಪು ಬಣ್ಣ. ಒದ್ದೆ ಮಣ್ಣು ಕಪ್ಪಾಗಿ ಕಾಣುತ್ತದೆ. ಗೊಬ್ಬರದ ಗುಂಡಿಯೂ, ಕಸ ಸುಟ್ಟ ಜಾಗವೂ, ಕೊಟ್ಟಿಗೆಯ ನೆರಳೂ ಕಪ್ಪಾಗಿಯೇ ಕಾಣುತ್ತವೆ. ನೆರಳು ಹೌದೋ ಅಲ್ಲವೋ ಅಂತ ನೋಡಲು, ಅದೇ ಚಿತ್ರದಲ್ಲಿ ಮರಗಳ ನೆರಳು ಯಾವ ದಿಕ್ಕಿಗೆ ಬಿದ್ದಿದೆ, ಎಷ್ಟು ಉದ್ದ ಇದೆ ಅಂತ ಹೋಲಿಸಿ.

ಮಾರಾಟದ ಜಾಹೀರಾತಿನ ಫೋಟೊಗಳು ಇನ್ನೂ ಕಡಿಮೆ ಹೇಳುತ್ತವೆ. ಅಗಲ ಲೆನ್ಸ್‌ನಿಂದ ತೆಗೆದ ಕೋಣೆ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆಗ ಇದ್ದ ಸಾಮಾನು ಬೇರೆಯವರದ್ದು. ಅದನ್ನು ಈಗಿನ ಸುದ್ದಿ ಚಿತ್ರದ ಜೊತೆ ಹೋಲಿಸಿ ಚಾಪೆ ಮಾಯವಾಗಿದೆ, ಮಂಚ ಸರಿದಿದೆ ಅನ್ನುವುದರಲ್ಲಿ ಅರ್ಥ ಇಲ್ಲ. ಕಿಟಕಿಯ ಪರದೆ ಅಲುಗಿತು, ದೀಪ ಉರಿಯಿತು ಅನ್ನುವವರೂ ಇರುತ್ತಾರೆ. ಏಳು ತಿಂಗಳಲ್ಲಿ ಯಾರೋ ಸಂಬಂಧಿಕರು ಬಂದು ಫ್ರಿಜ್ ಖಾಲಿ ಮಾಡಿರುತ್ತಾರೆ, ಸಾಕುಪ್ರಾಣಿಗಳನ್ನು ನೋಡಿಕೊಂಡಿರುತ್ತಾರೆ ಅಲ್ವಾ?

ಹಾಗಾದರೆ ಪರದೆಯ ಮೇಲೆ ನೋಡಿ ಯಾರೂ ಯಾರನ್ನೂ ಪತ್ತೆ ಮಾಡಿಲ್ಲವೇ? ಮಾಡಿದ್ದಾರೆ. ಅಮೆರಿಕದ ಫ್ಲಾರಿಡಾದಲ್ಲಿ 1997ರಲ್ಲಿ ಒಬ್ಬರು ಕಾರಿನ ಸಮೇತ ಕಾಣೆಯಾದರು. 2019ರಲ್ಲಿ, ಆ ಬಡಾವಣೆಯಲ್ಲಿ ಹಿಂದೆ ವಾಸವಿದ್ದವರೊಬ್ಬರು ಗೂಗಲ್ ಅರ್ಥ್ ನೋಡುವಾಗ ಮನೆಗಳ ಹಿಂದಿನ ಕೊಳದಲ್ಲಿ ಕಾರಿನಂಥದ್ದನ್ನು ಕಂಡರು. 2007ರ ಚಿತ್ರದಿಂದಲೂ ಅದು ಅಲ್ಲೇ ಕಾಣುತ್ತಿತ್ತು. ಈಗ ಅಲ್ಲಿ ಇರುವವರಿಗೆ ತಿಳಿಸಿದರು. ಡ್ರೋನ್ ಹಾರಿಸಿ ಖಚಿತ ಮಾಡಿಕೊಂಡು ಪೊಲೀಸರಿಗೆ ಹೇಳಿದರು. 22 ವರ್ಷದ ನಂತರ ಆ ಮನೆಯವರಿಗೆ ಉತ್ತರ ಸಿಕ್ಕಿತು. ಇಲ್ಲಿ ಗಮನಿಸಬೇಕಾದ್ದು, ಕಾರು ಕಾರಿನ ಹಾಗೇ ಕಾಣುತ್ತಿತ್ತು. ಅದಕ್ಕೆ ಕಥೆ ಕಟ್ಟಬೇಕಿರಲಿಲ್ಲ. ಯಾರ ಮೇಲೂ ಬೆರಳು ತೋರಿಸಬೇಕಿರಲಿಲ್ಲ. ನಿಮ್ಮ ಹತ್ತಿರ ಇರುವುದು ಕಪ್ಪು ಗುರುತು. ಅದು ಸಮಾಧಿ ಆಗಬೇಕಾದರೆ ನಡುವೆ ಐದಾರು ಊಹೆಗಳು ಬೇಕು.

ಸರಿಯಾದ ಸಲಕರಣೆ ತಂದು ನೋಡಿದರೂ ಊಹೆ ತಪ್ಪಬಹುದು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2004ರ ಫೆಬ್ರವರಿಯಲ್ಲಿ ಒಬ್ಬ ವಿದ್ಯಾರ್ಥಿನಿ ಹಳ್ಳಿ ರಸ್ತೆಯಲ್ಲಿ ಕಾರು ಅಪಘಾತವಾದ ಮೇಲೆ ಕಾಣೆಯಾದಳು. ಹತ್ತಿರದ ಒಂದು ಮನೆಯ ನೆಲಮಾಳಿಗೆಯ ಬಗ್ಗೆ ವರ್ಷಗಳ ಕಾಲ ಗುಮಾನಿ ಇತ್ತು. ಶವದ ವಾಸನೆ ಹಿಡಿಯುವ ನಾಯಿಗಳು ಅಲ್ಲಿ ನಿಂತವು. ನೆಲದೊಳಗೆ ನೋಡುವ ರೇಡಾರ್ ಕೂಡ ಅಲ್ಲಿ ಮಣ್ಣು ಕದಲಿದೆ ಅಂತ ತೋರಿಸಿತು. 2019ರ ಏಪ್ರಿಲ್‌ನಲ್ಲಿ ಪೊಲೀಸರು ಕಾಂಕ್ರೀಟು ಒಡೆದು ಅಗೆದರು. ಮಡಕೆ ಚೂರೋ ಹಳೆಯ ಕೊಳವೆಯೋ ಅನ್ನಬಹುದಾದ ಒಂದು ತುಂಡು ಬಿಟ್ಟರೆ ಏನೂ ಸಿಗಲಿಲ್ಲ. ರೇಡಾರ್‌ಗೆ ಹೆಣ ಕಾಣುವುದಿಲ್ಲ, ಮಣ್ಣಿನಲ್ಲಿ ವ್ಯತ್ಯಾಸ ಮಾತ್ರ ಕಾಣುತ್ತದೆ. ಕೊಳವೆ ಹೂತರೂ, ಬೇರು ಹಬ್ಬಿದರೂ ವ್ಯತ್ಯಾಸವೇ. ಇಷ್ಟೆಲ್ಲ ಆದ ಮೇಲೂ ಉತ್ತರ ಇಲ್ಲ ಅಂದರೆ, ಮಸುಕು ಚಿತ್ರದ ಒಂದು ಗುರುತಿಗೆ ನಾವು ಎಷ್ಟು ಬೆಲೆ ಕೊಡಬೇಕು ಹೇಳಿ.

ಮನೆಯನ್ನು ಪೊಲೀಸರು ಸರಿಯಾಗಿ ನೋಡಿಲ್ಲ ಅನ್ನುವ ಮಾತು ನಿಮ್ಮಲ್ಲಿ ಬಂದೇ ಬಂದಿರುತ್ತದೆ. ಯಾರೇ ಕಾಣೆಯಾದರೂ ಹುಡುಕಾಟ ಶುರುವಾಗುವುದು ಅವರ ಮನೆಯೊಳಗಿಂದಲೇ. ಅಟ್ಟ, ಕಪಾಟು, ಮಂಚದ ಕೆಳಗೆ, ನೀರಿನ ತೊಟ್ಟಿ, ಕೊಟ್ಟಿಗೆ, ಹಳೆಯ ಫ್ರೀಜರ್ ಎಲ್ಲವನ್ನೂ ತೆರೆದು ನೋಡುವುದು ಮೊದಲ ಪಾಠ. ಎಷ್ಟೋ ಜನ ಮನೆಯಲ್ಲಿ ಅಥವಾ ಮನೆಯ ತೀರಾ ಹತ್ತಿರದಲ್ಲೇ ಸಿಗುತ್ತಾರೆ. ಒಮ್ಮೆ ನೋಡಿದ ಜಾಗವನ್ನು ಬೇರೆ ತಂಡ ಮತ್ತೆ ನೋಡುವುದೂ ಉಂಟು, ಯಾಕೆಂದರೆ ಮೊದಲ ಸಲ ಕಣ್ಣು ತಪ್ಪಬಹುದು. ಇದನ್ನೆಲ್ಲ ಅವರು ಹೊರಗೆ ಹೇಳಿಕೊಳ್ಳುವುದಿಲ್ಲ. ಏನು ಸಿಕ್ಕಿತು ಅನ್ನುವುದನ್ನು ಬೇಕೆಂದೇ ಗುಟ್ಟಾಗಿ ಇಡುತ್ತಾರೆ. ಮುಂದೆ ಯಾರಾದರೂ ಬಂದು ನಾನೇ ಮಾಡಿದೆ ಅಂದಾಗ, ಮಾಡಿದವನಿಗೆ ಮಾತ್ರ ಗೊತ್ತಿರಬೇಕಾದ ಸಂಗತಿ ಇವನಿಗೆ ಗೊತ್ತೇ ಅಂತ ಪರೀಕ್ಷಿಸಲು ಅದು ಬೇಕು. ನಿಮ್ಮಲ್ಲಿ ಯಾರಾದರೂ ಅಂಥ ಒಂದು ವಿವರವನ್ನು ಅಕಸ್ಮಾತ್ ಊಹಿಸಿ ಎಲ್ಲರೆದುರು ಹಾಕಿದರೆ ಆ ಪರೀಕ್ಷೆ ಕೆಟ್ಟುಹೋಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ನಾನೇ ಕೇಳುತ್ತೇನೆ. ಆಕೆ ಮನೆಯಿಂದಲೇ ಕಾಣೆಯಾದರು ಅಂತ ಗೊತ್ತಾದದ್ದು ಹೇಗೆ? ಹುಡುಕಾಟದಲ್ಲಿ, ಯಾರಾದರೂ ಕಣ್ಣಾರೆ ಕಂಡ ಕೊನೆಯ ಜಾಗ ಬೇರೆ, ಅಲ್ಲಿದ್ದರು ಅಂತ ಬೇರೆ ಸಾಕ್ಷಿಯಿಂದ ತಿಳಿದ ಕೊನೆಯ ಜಾಗ ಬೇರೆ. ಅಲ್ಲಿದ್ದಿರಬೇಕು ಅಂತ ನಾವು ಅಂದುಕೊಂಡದ್ದು ಇವೆರಡೂ ಅಲ್ಲ. ಕೊನೆಯ ಸಂದೇಶ ಮನೆಯಿಂದ ಬಂತು ಅನ್ನುತ್ತಾರೆ. ಆದರೆ ಬರೀ ಟವರ್ ದಾಖಲೆ ಮನೆಯನ್ನು ತೋರಿಸುವುದಿಲ್ಲ. ಆ ಹೊತ್ತಿನಲ್ಲಿ ಫೋನ್ ಯಾವ ಟವರ್ ಹಿಡಿದಿತ್ತು ಅನ್ನುವುದನ್ನು ತೋರಿಸುತ್ತದೆ, ಅಷ್ಟೇ. ಪಟ್ಟಣದಲ್ಲಿ ಟವರ್‌ಗಳು ಒತ್ತೊತ್ತಾಗಿವೆ. ಹಳ್ಳಿಗಾಡಿನಲ್ಲಿ ಒಂದೇ ಟವರ್ ಹಲವು ಕಿಲೋಮೀಟರ್ ನೋಡಿಕೊಳ್ಳುತ್ತದೆ. 2ಜಿ ಫೋನ್‌ಗಳ ಜಿಎಸ್ಎಂ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಅದರ ಗರಿಷ್ಠ ಮಿತಿಯೇ ಸುಮಾರು 35 ಕಿಲೋಮೀಟರ್. ಆ ಇಡೀ ಪ್ರದೇಶದಲ್ಲಿ ಆಕೆ ಎಲ್ಲಿ ಬೇಕಾದರೂ ಇದ್ದಿರಬಹುದು. ನೀವೆಲ್ಲ ಮಾತ್ರ ಒಂದು ಕೊಟ್ಟಿಗೆಯ ಹಿಂದೆ ನಿಂತಿದ್ದೀರಿ.

ಪಕ್ಕದ ಜಮೀನಿನವರ ವಿಷಯ ನನಗೆ ತುಂಬಾ ಕಳವಳ ತರುತ್ತದೆ. ನೀವು ಅವರ ಹೆಸರನ್ನು ನನಗೂ ಬರೆದಿದ್ದೀರಿ. ನಾನು ಅದನ್ನು ಇಲ್ಲಿಂದ ತೆಗೆದಿದ್ದೇನೆ. ಅವರ ವಿರುದ್ಧ ನಿಮ್ಮ ಪತ್ರದಲ್ಲಿರುವುದು, ಅವರ ಮನೆ ಹತ್ತಿರ ಇದೆ ಮತ್ತು ಟಿವಿಯವರ ಮುಂದೆ ಸರಿಯಾಗಿ ಮಾತಾಡಲಿಲ್ಲ ಅನ್ನುವುದು ಮಾತ್ರ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟ ಆದಾಗ ಏನಾಯಿತು ಗೊತ್ತೇ? ಒಂದು ತಿಂಗಳ ಮೊದಲೇ ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯ ಮುಖ ಶಂಕಿತನ ಮುಖಕ್ಕೆ ಹೋಲುತ್ತದೆ ಅಂತ ಆನ್‌ಲೈನ್ ಜನ ತೀರ್ಮಾನಿಸಿದರು. ಅವನನ್ನು ಹುಡುಕಲು ಮನೆಯವರು ಒಂದು ಫೇಸ್‌ಬುಕ್ ಪುಟ ಮಾಡಿದ್ದರು. ಅದರ ತುಂಬ ಬೈಗುಳ ಬಂದು, ಅವರು ಆ ಪುಟವನ್ನೇ ಮುಚ್ಚಬೇಕಾಯಿತು. ಸ್ಫೋಟಕ್ಕೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಕೆಲವೇ ದಿನಗಳಲ್ಲಿ ಅವನ ದೇಹ ನೀರಿನಲ್ಲಿ ಸಿಕ್ಕಿತು. ಮಗನನ್ನು ಹುಡುಕುತ್ತಿದ್ದ ಮನೆಯವರಿಗೆ, ಹುಡುಕಿಕೊಡುತ್ತೇವೆ ಅಂತ ಹೊರಟವರೇ ಹಾಗೆ ಮಾಡಿದರು. ಕಾನೂನಿನ ಪಾಲೂ ಇದೆ. 2022ರಲ್ಲಿ ಅಮೆರಿಕದ ಐಡಾಹೊದಲ್ಲಿ ನಾಲ್ವರು ವಿದ್ಯಾರ್ಥಿಗಳ ಕೊಲೆಯಾದಾಗ, ಟಿಕ್‌ಟಾಕ್‌ನಲ್ಲಿ ಒಬ್ಬರು ಭವಿಷ್ಯ ಹೇಳುವ ಟ್ಯಾರೋ ಕಾರ್ಡ್ ನೋಡಿ, ಕೊಲೆಯ ಹಿಂದೆ ಇದ್ದವರು ಅಂತ ಪ್ರಾಧ್ಯಾಪಕಿಯೊಬ್ಬರ ಹೆಸರು ಹೇಳಿದರು. ಆ ಪ್ರಾಧ್ಯಾಪಕಿ ದಾವೆ ಹೂಡಿದರು. 2024ರಲ್ಲಿ ನ್ಯಾಯಾಲಯ ಆ ಮಾತುಗಳು ಮಾನಹಾನಿ ಅಂತಲೇ ಹೇಳಿತು.

ಆಕೆ ಬದುಕಿರಬಹುದು ಅನ್ನುವುದನ್ನೂ ಮರೆಯಬೇಡಿ. ಪತ್ರದಲ್ಲಿ ಆ ಸಾಧ್ಯತೆಯೇ ಇಲ್ಲ, ಅದು ನನ್ನ ಮನಸ್ಸಿಗೆ ಚುಚ್ಚಿತು. ದೊಡ್ಡವರಿಗೆ ಮನೆ ಬಿಟ್ಟು ಹೋಗುವ ಹಕ್ಕಿದೆ. ಹೊಡೆಯುವ, ಬೆನ್ನುಹತ್ತುವ ಯಾರೋ ಒಬ್ಬರಿಂದ ತಪ್ಪಿಸಿಕೊಂಡು ಹೋದವರೂ ಇರುತ್ತಾರೆ. ಅಂಥವರು ಸಿಕ್ಕಾಗ, ಅವರು ಕ್ಷೇಮ ಅಂತ ಮಾತ್ರ ಮನೆಯವರಿಗೆ ಹೇಳಿ ಎಲ್ಲಿದ್ದಾರೆ ಅನ್ನುವುದನ್ನು ಪೊಲೀಸರು ಹೇಳದೇ ಇರುವುದು ಹಲವು ದೇಶಗಳಲ್ಲಿ ರೂಢಿ. ಆಕೆಯ ವಿಳಾಸ, ಕಾರಿನ ಸಂಖ್ಯೆ, ಗೆಳತಿಯರ ಹೆಸರು, ಹೋಗುತ್ತಿದ್ದ ಜಾಗಗಳು, ಎಲ್ಲವನ್ನೂ ನೀವು ಒಂದೇ ಕಡೆ ಕೂಡಿಸಿದ್ದೀರಿ. ಆಕೆಯನ್ನು ಹುಡುಕುತ್ತಿರುವ ಕೆಟ್ಟ ಮನುಷ್ಯನಿಗೆ ಬೇಕಾದದ್ದೂ ಅದೇ ಪಟ್ಟಿ.

ಉಪಯೋಗ ಆಗುವುದು ಯಾವುದರಿಂದ ಅಂತ ಕೇಳಿದಿರಿ. ನಾನು ಕಂಡ ಹಾಗೆ, ನಿಮ್ಮದೇ ಕೈಯಲ್ಲಿ ಇರುವುದರಿಂದ. 2021ರಲ್ಲಿ ಅಮೆರಿಕದಲ್ಲಿ ವ್ಯಾನ್ ಪ್ರವಾಸಕ್ಕೆ ಹೋದ ಯುವತಿ ಕಾಣೆಯಾದಾಗ, ಅದೇ ದಿನಗಳಲ್ಲಿ ವಯೋಮಿಂಗ್‌ನಲ್ಲಿದ್ದ ಒಂದು ಕುಟುಂಬ ತಮ್ಮದೇ ವಾಹನದ ಕ್ಯಾಮೆರಾದ ವಿಡಿಯೊವನ್ನು ಮತ್ತೆ ನೋಡಿತು. ರಸ್ತೆ ಬದಿ ನಿಂತಿದ್ದ ಆ ವ್ಯಾನ್ ಅದರಲ್ಲಿತ್ತು. ತನಿಖಾಧಿಕಾರಿಗಳಿಗೆ ಕೊಟ್ಟರು. ಆಕೆಯ ದೇಹ ಅದೇ ಪ್ರದೇಶದಲ್ಲಿ ಸಿಕ್ಕಿತು. ನಿಮ್ಮ ಗುಂಪಿನಲ್ಲಿ ಆ ವಾರ ಆ ರಸ್ತೆಯಲ್ಲಿ ಹೋದವರು ಇದ್ದಾರೆಯೇ? ಆ ಸುತ್ತಮುತ್ತ ಜಮೀನಿಗೆ, ಗೇಟಿಗೆ ಕ್ಯಾಮೆರಾ ಹಾಕಿದವರು? ಅಲ್ಲಿಗೆ ಸಾಮಾನು ತಲುಪಿಸಿದವರು? ಒಂದು ತಾರೀಖಿರುವ ಫೋಟೊ ನೂರು ಊಹೆಗಿಂತ ದೊಡ್ಡದು.

ಇನ್ನು, ತಾಳ್ಮೆ ಇರುವವರಿಗೆ ಒಂದು ಕೆಲಸ ಇದೆ. ಗುರುತು ಸಿಗದ ಶವಗಳ ದಾಖಲೆಗಳನ್ನು ಹಲವು ದೇಶಗಳು ಸಾರ್ವಜನಿಕವಾಗಿ ಇಟ್ಟಿವೆ. ಅಮೆರಿಕದ ಕೆಂಟಕಿಯಲ್ಲಿ 1968ರಲ್ಲಿ ಸಿಕ್ಕ ಒಬ್ಬ ಯುವತಿಯ ಗುರುತು 30 ವರ್ಷ ಸಿಕ್ಕಿರಲಿಲ್ಲ. ಕಾರ್ಖಾನೆ ಕೆಲಸಗಾರ ಟಾಡ್ ಮ್ಯಾಥ್ಯೂಸ್ ವರ್ಷಗಟ್ಟಲೆ ಹುಡುಕಿ, ಅಕ್ಕನನ್ನು ಅರಸುತ್ತಿದ್ದ ತಂಗಿಯೊಬ್ಬರು ಇಂಟರ್ನೆಟ್‌ನಲ್ಲಿ ಬರೆದಿದ್ದ ಮಾತಿಗೆ ಅದನ್ನು ಹೊಂದಿಸಿದರು. 1998ರಲ್ಲಿ ಡಿಎನ್ಎ ಅದನ್ನು ಖಚಿತಪಡಿಸಿತು. ಅವರು ಹೋಲಿಸಿದ್ದು ಎತ್ತರ, ವಯಸ್ಸು, ದಿನಾಂಕದಂಥ ವಿವರಗಳನ್ನು.

ಕಪ್ಪು ಗುರುತನ್ನೂ ಕಳಿಸಿ, ಬೇಡ ಅನ್ನುವುದಿಲ್ಲ. ಒಂದೇ ಹಾಳೆಯಲ್ಲಿ ಬರೆಯಿರಿ. ಚಿತ್ರ ಎಲ್ಲಿ ಸಿಕ್ಕಿತು, ಯಾವ ದಿನದ್ದು, ಜಾಗದ ಅಕ್ಷಾಂಶ ರೇಖಾಂಶ ಏನು, ಹಿಂದಿನ ಚಿತ್ರದಲ್ಲಿ ಅದೇ ಜಾಗ ಹೇಗಿತ್ತು. ಕಂಡದ್ದನ್ನು ಒಂದು ಕಡೆ ಬರೆಯಿರಿ, ಅಂದುಕೊಂಡದ್ದನ್ನು ಬೇರೆ ಕಡೆ. ಗೆರೆ ಎಳೆಯದ ಮೂಲ ಚಿತ್ರವನ್ನೇ ಜೊತೆಗಿಡಿ. ಗುಂಪಿನ ಪರವಾಗಿ ಒಬ್ಬರು ಮಾತ್ರ, ಒಂದೇ ಸಲ ತನಿಖಾಧಿಕಾರಿಗೆ ಕೊಡಿ. ಕೊಟ್ಟದ್ದಕ್ಕೆ ಅವರು ನೋಂದಣಿ ಸಂಖ್ಯೆ ಕೊಟ್ಟರೆ ಬರೆದಿಟ್ಟುಕೊಳ್ಳಿ. ಒಂದೇ ವಿಷಯಕ್ಕೆ ಐವತ್ತು ಜನ ಫೋನ್ ಮಾಡಿದರೆ, ಐವತ್ತನ್ನೂ ಯಾರೋ ಒಬ್ಬರು ದಾಖಲಿಸಬೇಕು. ಆ ಹೊತ್ತಿನಲ್ಲಿ ನಿಜವಾಗಿ ಆಕೆಯನ್ನು ಕಂಡವರ ಕರೆ ಕಾಯುತ್ತಾ ಇರುತ್ತದೆ. ಈಗಾಗಲೇ ಯಾರಾದರೂ ಆ ಮನೆಗೆ ಹೋಗಿ ಬಂದಿದ್ದರೆ ಮುಚ್ಚಿಡಬೇಡಿ. ಯಾವ ದಿನ ಹೋದರು, ಎಲ್ಲಿ ನಡೆದರು, ಏನು ಮುಟ್ಟಿದರು, ಯಾವ ಶೂ ಹಾಕಿದ್ದರು ಅಂತ ಅದೇ ಹಾಳೆಯಲ್ಲಿ ಹೇಳಿಬಿಡಿ.

ಕಳಿಸಿದ ಮೇಲೆ ಆ ಮನೆಯ ಫೋಟೊಗಳನ್ನು, ವಿಳಾಸವನ್ನು, ಪಕ್ಕದವರ ಹೆಸರನ್ನು ನೀವು ಹಾಕಿದ ಕಡೆಯಿಂದೆಲ್ಲ ತೆಗೆಯಿರಿ. ಆಕೆಯ ಮುಖ, ಕೊನೆಯದಾಗಿ ಕಂಡ ದಿನ, ತೊಟ್ಟಿದ್ದ ಬಟ್ಟೆ ಮತ್ತು ಪೊಲೀಸರ ದೂರವಾಣಿ ಸಂಖ್ಯೆ ಇರುವ ಅಧಿಕೃತ ಪ್ರಕಟಣೆಯನ್ನು ಆ ಜಾಗದಲ್ಲಿ ಹಾಕಿ.